ಮೂರನೇ ಗೇರು ನೇರವಾಗಿ ಬಿತ್ತು

ಅತ್ತಮ್ಮನಿಗೆ,

ನಿಮ್ಮ ಸೊಸೆ ಭಾಗ್ಯ ಬರೆಯುತ್ತಿರುವುದು. ಊಟ ತಿಂಡಿ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಮೊದಲು ಇದನ್ನು ಕೇಳಿ. ನಮ್ಮ ಕಾರಿನ ಮೂರನೇ ಗೇರು ನೇರವಾಗಿ ಬಿತ್ತು. ಎಳೆಯಲಿಲ್ಲ, ಗುದ್ದಲಿಲ್ಲ, ಅದರ ವಂಶವನ್ನೆಲ್ಲ ಎತ್ತಿ ಬೈಯಲಿಲ್ಲ. ಎರಡೇ ಬೆರಳಲ್ಲಿ ಹಿಡಿದು ಮೇಲಕ್ಕೆ ತಳ್ಳಿದೆ, ಹೋಗಿ ಕೂತಿತು. "ಬಿತ್ತು" ಅಂದೆ. ಪಕ್ಕದಲ್ಲಿದ್ದ ನಿಮ್ಮ ಮಗ "ಏನ್ ಬಿತ್ತು, ಎಲ್ ಬಿತ್ತು" ಅಂತ ಗಾಬರಿಯಿಂದ ಹಿಂದಿನ ರಸ್ತೆ ನೋಡಿದರು. ನೀವು ಹೋಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೇ ಮೊದಲು.

ಮಾವ ತೀರಿಕೊಂಡ ಮೇಲೆ ನೀವು ಮೊದಲ ಸಲ ನಮ್ಮ ಹಿಂದೂಪುರದಿಂದ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಮನೆ ಮನೆಗೆ ಹುಣಸೆಹಣ್ಣು ಮಾರಲು ಹೊರಟ ದಿನ ನೆನಪಿದೆಯಾ? ನಾನಾಗ ಹೊಸ ಸೊಸೆ. ಹಿಂದೂಪುರದ ಮಂಡಿಯಲ್ಲಿ ನೀವೇ ಆರಿಸಿ ತಂದ ಹಣ್ಣು, ಬೀಜ ಕುಟ್ಟಿ ನಾರು ತೆಗೆದು ಉಂಡೆ ಕಟ್ಟಿದವರು ನಾವಿಬ್ಬರೇ. ರೊದ್ದಂ ಸ್ಟಾಪಿನಲ್ಲಿ ಕಂಡಕ್ಟರು ಮೂಟೆಗಳನ್ನು ಕೆಳಗಿಳಿಸಿ, "ಅಮ್ಮಾ, ಇದಿ ಬಸ್ಸು, ಲಾರಿ ಕಾದು" ಅಂದನಂತೆ, ಇದು ಲಾರಿಯಲ್ಲ ಅಂತ. ನೀವು ಮೂಟೆಯ ಮೇಲೆ ಕೂತು ಎರಡು ಗಂಟೆ ಯೋಚನೆ ಮಾಡಿ ಮನೆಗೆ ವಾಪಸು ಬಂದಿರಿ. ಬಂದವರೇ ಮಾವನ ಬಿಳಿ ಕಾರಿನ ಮೇಲಿದ್ದ ಟಾರ್ಪಾಲು ಎಳೆದು ಹಾಕಿ, "ನಾಳೆಯಿಂದ ಕಲಿತೀನಿ ಕಣಮ್ಮ, ಯಾರ್ ಏನಂತಾರೋ ಅನ್ಲಿ" ಅಂದಿರಿ. ಐವತ್ತು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಲಚ್ಚು ತುಳಿಯುವುದನ್ನು ನೋಡಲು ಇಡೀ ಬೀದಿ ನಿಂತಿತ್ತು. ಕೆಲವೇ ತಿಂಗಳಲ್ಲಿ ಲೈಸೆನ್ಸು ನಿಮ್ಮ ಕೈಯಲ್ಲಿತ್ತು. ಅಲ್ಲಿಂದ ಬುಧವಾರ ಬಂತೆಂದರೆ ಹಿಂದೂಪುರ, ರೊದ್ದಂ, ಕಂಬದೂರು, ಕಲ್ಯಾಣದುರ್ಗ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ.

ಕಂಬದೂರು ದಾಟಿದ ಮೇಲೆ ಒಂದು ಬುಧವಾರ ನೀವು ಇದ್ದಕ್ಕಿದ್ದ ಹಾಗೆ ಕಾರು ನಿಲ್ಲಿಸಿದ್ದೂ ನೆನಪಿದೆ. ರಸ್ತೆಯ ಎರಡೂ ಕಡೆ ಕುರಿಮಂದೆ ಬಿಟ್ಟರೆ ನರಪಿಳ್ಳೆ ಇರಲಿಲ್ಲ. "ಇಳಿ, ಈ ಕಡೆ ಬಾ" ಅಂದಿರಿ. ನಾನು ಇಳಿದು ಸುತ್ತಿಕೊಂಡು ಬಂದೆ. ನೀವು ಸೀಟಿನ ಮೇಲೆ ಹಾಸಿದ್ದ ಕರಿ ಕಂಬಳಿಯನ್ನು ಸರಿ ಮಾಡಿ ಕೂರಿಸಿದಿರಿ. ಅದರ ಒಂದು ಮೂಲೆ ಇರಲಿಲ್ಲ, ಇಲಿ ತಿಂದಿದೆ ಅಂದಿದ್ದಿರಿ. ಆಮೇಲೆ ಪಾಠ. "ಒಂದು ಎರಡು ಸುಮ್ನೆ ಬೀಳ್ತವೆ. ಮೂರಕ್ಕೆ ಮಾತ್ರ ಮೊಣಕಾಲ್ ಕಡೆ ಎಳ್ಕೊ, ಬಲವಾಗಿ ಎಳ್ಕೊಂಡು ಮೇಲಕ್ ನೂಕು. ನಾಲ್ಕಕ್ಕೂ ಅಂಗೇ ಎಳ್ಕೊಂಡು ಕೆಳಕ್ಕೆ." "ಐದು?" ಅಂದೆ. "ಐದು ಸಿಟಿಯೋರಿಗೆ ಕಣಮ್ಮ, ನಮ್ಗ್ಯಾಕೆ?" ಅಂದಿರಿ. ಗೇರಿನ ಗುಂಡಿನ ಮೇಲಿದ್ದ ಅಂಕಿಗಳೆಲ್ಲ ನಿಮ್ಮ ಅಂಗೈಯಲ್ಲಿ ಸವೆದು ಹೋಗಿದ್ದವು. ರಿವರ್ಸಿಗಂತೂ ಎರಡೂ ಕೈ ಹಾಕಿ ಎಳೆಯಬೇಕಿತ್ತು. ಎಲ್ಲ ಕಾರುಗಳೂ ಹೀಗೇ ಇರುತ್ತವೆ ಅಂದುಕೊಂಡು ನಾನು ಮಗ್ಗಿ ಕಲಿತ ಹಾಗೆ ಕಲಿತುಬಿಟ್ಟೆ.

ನಿಮ್ಮ ಮಗ ಒಂದು ಸಲ ಸ್ಟಿಯರಿಂಗ್ ಹಿಡಿದಿದ್ದರಲ್ಲ, ಆ ದಿನವನ್ನು ಹೇಗೆ ಮರೆಯಲಿ? ಅವರಿಗೆ ಲೈಸೆನ್ಸಿದೆ, ಫ್ಯಾಕ್ಟರಿಯ ವ್ಯಾನು ಓಡಿಸಿ ಅಭ್ಯಾಸವಿದೆ. ನಮ್ಮ ಕಾರಿನಲ್ಲಿ ಮಾತ್ರ ಮೂರಕ್ಕೆ ಹಾಕಲು ಹೋದರೆ ಒಂದಕ್ಕೆ ಬಿದ್ದು ಇಂಜಿನ್ನು ಊರೆಲ್ಲ ಕೇಳುವ ಹಾಗೆ ಕಿರುಚಿತು. ಹಿಂದಿನ ಸೀಟಿನಲ್ಲಿ ನೀವು ಎಲೆ ಅಡಿಕೆ ಮಡಿಸುತ್ತಾ, "ನಿನ್ ಕೈಗೆ ಒಗ್ಗಲ್ಲ ಬಿಡಪ್ಪ, ಇಳಿ" ಅಂದಿರಿ. ಅವರು ಮುಖ ಊದಿಸಿಕೊಂಡು ಇಳಿದರು. ನೀವು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಿರಿ. ಆ ನಗುವಿಗೆ ಅರ್ಥವಿತ್ತು ಅಂತ ಈಗ ಗೊತ್ತಾಗಿದೆ. ಆಗ ಗೊತ್ತಾಗಿದ್ದರೆ...

ಮೊದಲ ಸಲ ಲೈಸೆನ್ಸು ಟೆಸ್ಟಿಗೆ ಹೋಗಿ ಬಂದ ದಿನ ನಾನು ನಿಮಗೆ ಸುಳ್ಳು ಹೇಳಿದೆ. ಇವತ್ತು ಒಪ್ಪಿಕೊಂಡುಬಿಡುತ್ತೇನೆ. "ತುಂಬಾ ಜನ ಇದ್ರು ಅತ್ತಮ್ಮ, ಇನ್ನೊಂದ್ ದಿನ ಬಾ ಅಂದ್ರು" ಅಂದಿದ್ದೆನಲ್ಲ? ಜನ ಇರಲಿಲ್ಲ. ಟೆಸ್ಟು ಆಗಿತ್ತು, ನಾನು ಫೇಲಾಗಿದ್ದೆ. ಡ್ರೈವಿಂಗ್ ಸ್ಕೂಲಿನವರ ಕಾರು, ಹೊಸದು. ಒಂದು ಬಿತ್ತು, ಎರಡು ಬಿತ್ತು, ಮೂರಕ್ಕೆ ನೀವು ಹೇಳಿಕೊಟ್ಟ ಹಾಗೆ ಮೊಣಕಾಲ ಕಡೆ ಬಲವಾಗಿ ಎಳೆದು ಮೇಲಕ್ಕೆ ನೂಕಿದೆ. ಕಾರು ಗಡಗಡ ನಡುಗಿ ನಡುರಸ್ತೆಯಲ್ಲಿ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಎಳೆದೆ, ಮತ್ತೆ ನಿಂತಿತು. ನಿಮಗೆ ಹೇಗೆ ಹೇಳಲಿ? ಬೀದಿಯೆಲ್ಲ "ನನ್ ಸೊಸೆ ನನಗಿಂತ ಚೆನ್ನಾಗಿ ಓಡಿಸ್ತಾಳೆ" ಅಂತ ಹೇಳಿಕೊಂಡು ಬಂದಿದ್ದಿರಿ. ನನ್ನ ಕೈಯಲ್ಲೇ ಏನೋ ಐಬಿದೆ ಅಂತ ನಂಬಿಕೊಂಡು ಸುಮ್ಮನಾದೆ. ಇನ್ನೊಂದು ಸಲ ಹೋಗಿ ಪಾಸಾಗಿ ಬಂದು ಎಲ್ಲ ಒಟ್ಟಿಗೆ ಹೇಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಸಂಕ್ರಾಂತಿ ಕಳೆದ ವಾರ ನಿಮಗೆ ಎದೆ ಹಿಡಿದುಕೊಂಡಿತು. ನೀವು ನನಗೆ ಒಂದು ದಿನವನ್ನೂ ಕೊಡಲಿಲ್ಲ.

ನಿಮ್ಮ ಹನ್ನೊಂದನೇ ದಿನ ಕಳೆದ ಮೇಲಿನ ಬುಧವಾರ ನಾನು ಎರಡು ಚೀಲ ಹಿಡಿದು ಬಸ್ಸು ಹತ್ತಿದೆ. ನಾಲ್ಕು ಮೂಟೆಯ ಜಾಗದಲ್ಲಿ ಎರಡು ಚೀಲ. ಕಲ್ಯಾಣದುರ್ಗದ ಮನೆಗಳವರು "ನಿಮ್ಮತ್ತ ಲೇಕಪೋಯಿನಾ ನುವ್ವು ವಸ್ತಾವಾ" ಅಂತ ಕೇಳಿದರು. ನಿಮ್ಮತ್ತೆ ಇಲ್ಲದಿದ್ದರೂ ನೀನು ಬರುತ್ತೀಯಾ ಅಂತ. ಬರುತ್ತೇನೆ ಅಂದೆ. ಆದರೆ ಎರಡು ಚೀಲದಲ್ಲಿ ಎಷ್ಟು ಮನೆ ಆಗುತ್ತದೆ ಅತ್ತಮ್ಮ? ಕಂಬದೂರಿನ ಮನೆಗಳು ತಪ್ಪಿಹೋದವು, ಆಮೇಲೆ ರೊದ್ದಂ ತಪ್ಪಿತು. ಕಾರು ಟಾರ್ಪಾಲಿನ ಕೆಳಗೆ. ನನಗೆ ಲೈಸೆನ್ಸಿಲ್ಲ, ನಿಮ್ಮ ಮಗನ ಕೈಗೆ ಮೂರನೇ ಗೇರಿಲ್ಲ. ಹೋದ ತಿಂಗಳು ಅವರು ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ಅವನು ಗೇರನ್ನು ಎರಡು ಸಲ ಅಲ್ಲಾಡಿಸಿ, ಬಾನೆಟ್ಟನ್ನೂ ತೆಗೆಯದೆ, "ಗೇರ್‌ಬಾಕ್ಸೇ ಹೋಗೈತೆ" ಅಂದ. ನಿಮ್ಮ ಮಗ ಗುಜರಿಯವನಿಗೆ ಮಾತು ಕೊಟ್ಟೇಬಿಟ್ಟರು, ಭಾನುವಾರ ಬೆಳಿಗ್ಗೆ ಬಂದು ಎಳೆದುಕೊಂಡು ಹೋಗುವುದೆಂದು.

ಅದೇ ವಾರದ ಗುರುವಾರ ನನ್ನ ಎರಡನೇ ಟೆಸ್ಟು ಇತ್ತು. ಕಾರೇ ಹೋಗುತ್ತಿದೆ, ಇನ್ನು ಲೈಸೆನ್ಸು ಯಾಕೆ ಅಂತ ಮನಸ್ಸು ಹೇಳಿತು. ಆದರೂ ಹೋದೆ. ಅದೇ ಇನ್ಸ್‌ಪೆಕ್ಟರು, ಅದೇ ರಸ್ತೆ, ನನ್ನ ಕೈ ಅದೇ ಕೆಲಸ ಮಾಡಿತು. ಎಳೆದೆ, ನೂಕಿದೆ, ಕಾರು ನಡುಗಿ ನಿಂತಿತು. "ಏಂದಮ್ಮಾ, ಮಳ್ಳಾ ಸೆಕೆಂಡ್ ನುಂಚಿ ಫಿಫ್ತಾ?" ಅಂದರು. ಎರಡರಿಂದ ಸೀದಾ ಐದಕ್ಕಾ ಅಂತ. ನಾನು, "ಇಲ್ಲ ಸಾರ್, ಮೂರಕ್ಕೇ ಹಾಕಿದ್ದು" ಅಂದೆ. ಅವರು ನನ್ನ ಕೈಯನ್ನೇ ನೋಡುತ್ತಾ ಇನ್ನೊಂದು ಸಲ ಹಾಕಿಸಿದರು. ಆಮೇಲೆ ಬರೆಯುತ್ತಿದ್ದ ಪೆನ್ನು ಮುಚ್ಚಿ, "ನೀ ಚೆಯ್ಯಿ ತಪ್ಪು ಕಾದಮ್ಮಾ. ಏ ಕಾರ್‌ಲೋ ನೇರ್ಚುಕುನ್ನಾವು?" ಅಂತ ಕೇಳಿದರು. ತಪ್ಪು ನಿನ್ನ ಕೈಯದಲ್ಲ, ಯಾವ ಕಾರಿನಲ್ಲಿ ಕಲಿತೆ? ನಮ್ಮ ಕಾರಿನ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕು, ಗೇರಿನ ತಂತಿಯ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ಕಿನ ಬುಷ್ಷು ಇರುತ್ತದೆ, ಅದು ಹೋಗಿರಬೇಕು, ಹೋಗಿದ್ದರೆ ಗೇರ್‌ಬಾಕ್ಸು ಮುಟ್ಟುವುದೇ ಬೇಡ ಅಂದರು. ಫೇಲಾದವಳು ಹೀಗೆ ಕುಣಿಯುತ್ತಾ ಹೊರಗೆ ಬಂದಿದ್ದನ್ನು ಆ ಆಫೀಸಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ನಿಮ್ಮ ಮಗನಿಗೆ ಆ ಬುಷ್ಷನ್ನು ಅಂಗೈಯಲ್ಲಿಟ್ಟು ತೋರಿಸಿದ್ದು ಶುಕ್ರವಾರ ಸಂಜೆ. ಹಿಂದೂಪುರದಲ್ಲಿ ನಾಲ್ಕು ಸ್ಪೇರ್ ಪಾರ್ಟ್ಸ್ ಅಂಗಡಿ ಸುತ್ತಿದೆ, ಒಂದರಲ್ಲಿ ಒಂದೇ ಒಂದು ಸಿಕ್ಕಿತು. ಎರಡು ಹುಣಸೆಬೀಜ ಜೋಡಿಸಿದಷ್ಟು ದಪ್ಪ, ನಡುವೆ ತೂತು, ಅಷ್ಟೇ. "ಇಷ್ಟುದ್ದ ಚೂರಿಗೆ ಕಾರು ಸರಿ ಹೋಯ್ತದಾ? ನಿಂಗೆ ತಲೆ ಕೆಟ್ಟೈತೆ" ಅಂದರು. "ಸರಿ ಹೋದ್ರೆ?" ಅಂದೆ. ಅವರು ಬುಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಗುಜರಿಯೋನು ಬರೋದ್ರೊಳಗೆ ಓಡಿಸಿ ತೋರ್ಸು. ಮಾರಲ್ಲ" ಅಂದರು. ಅವರೇನು ಕೆಟ್ಟವರಲ್ಲ ಅತ್ತಮ್ಮ, ನಿಮಗೂ ಗೊತ್ತು. ನಿಂತು ತುಕ್ಕು ಹಿಡಿಯುವ ಕಾರನ್ನು ದಿನಾ ನೋಡುವುದು ಅವರಿಗೂ ಕಷ್ಟವಾಗಿತ್ತು. ಅವರ ಅಮ್ಮನ ಕಾರು ಅದು.

ಶನಿವಾರ ಬೆಳಿಗ್ಗೆ ಅವರು ಫ್ಯಾಕ್ಟರಿಗೆ ಹೋದ ಕೂಡಲೇ ನಾನು ನಿಮ್ಮ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಗೇರು ನ್ಯೂಟ್ರಲ್ಲಿಗೆ ತಂದೆ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಎರಡು ಕಡೆ ಕಲ್ಲು ಕೊಟ್ಟೆ, ಬಾನೆಟ್ಟು ಎತ್ತಿದೆ. ಗಾಳಿ ಫಿಲ್ಟರಿನ ಡಬ್ಬಿ ಅಡ್ಡ ಇತ್ತು, ಬಿಚ್ಚಿ ಪಕ್ಕಕ್ಕಿಟ್ಟೆ. ಕೆಳಗೆ ಗೇರ್‌ಬಾಕ್ಸಿನ ಮೇಲೆ ಎರಡು ತಂತಿ ಬಂದು ಎರಡು ಮೊಳೆಗೆ ಸಿಕ್ಕಿಕೊಂಡಿದ್ದವು. ಒಂದು ಗೇರನ್ನು ಮೇಲೆ ಕೆಳಗೆ ಮಾಡುವುದು, ಇನ್ನೊಂದು ಎಡಕ್ಕೆ ಬಲಕ್ಕೆ ಸರಿಸುವುದು. ಎಡ ಬಲದ ತಂತಿಯ ತುದಿಯನ್ನು ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ. ಕಳಚಿ ಬಂತು. ಅದರ ಕಣ್ಣಿನೊಳಗೆ ಏನಿತ್ತು ಹೇಳಿ ನೋಡೋಣ?

ಕರಿ ಕಂಬಳಿಯ ತುಂಡು. ಹರಳೆಣ್ಣೆಯಲ್ಲಿ ನೆನೆಸಿ, ಮಡಿಸಿ, ಉಂಡೆ ಕಟ್ಟುವ ದಾರದಲ್ಲೇ ಬಿಗಿಯಾಗಿ ಸುತ್ತಿ ತುರುಕಿದ್ದಿರಿ. ಆ ಗಂಟು ನಿಮ್ಮದೇ. ಎರಡು ಸುತ್ತು ಹಾಕಿ ಮೂರನೆಯದನ್ನು ಕೆಳಗಿನಿಂದ ತೆಗೆಯುವುದು ಈ ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ, ನನಗೂ ಸರಿಯಾಗಿ ಬರುವುದಿಲ್ಲ. ಕಂಬಳಿ ಒಂದೇ ಪಕ್ಕಕ್ಕೆ ಒತ್ತಿಕೊಂಡು ಕಲ್ಲಾಗಿತ್ತು. ಅದಕ್ಕೇ ಗೇರು ಯಾವಾಗಲೂ ಎಡಕ್ಕೇ ವಾಲುತ್ತಿತ್ತು, ಅದಕ್ಕೇ ಮೂರಕ್ಕೆ ಹಾಗೆ ಎಳೆಯಬೇಕಿತ್ತು, ಅದಕ್ಕೇ ಐದು ನಮಗೆ ಸಿಗಲೇ ಇಲ್ಲ. ಸೀಟಿನ ಕಂಬಳಿಯ ಮೂಲೆ ತಿಂದ ಇಲಿ ಯಾವುದು ಅಂತಲೂ ಗೊತ್ತಾಯಿತು. ಅಲ್ಲಿಯೇ ಬಂಪರಿನ ಮೇಲೆ ಕೂತು ಆ ತುಂಡನ್ನು ಮೂಸಿ ನೋಡಿದೆ. ಹರಳೆಣ್ಣೆ, ಹುಣಸೆ, ನಿಮ್ಮ ಕೈ. ಅಳು ಬಂತು, ಅತ್ತೆ.

ಹುಣಸೆಬೀಜ ಕುಟ್ಟುವಾಗ ನೀವು ಮರದ ಕೊಡತಿ ಹಿಡಿಯುತ್ತಿದ್ದ ರೀತಿ ನೆನಪು ಮಾಡಿಕೊಂಡೇ ನಾನು ದೊಡ್ಡ ತಪ್ಪು ಮಾಡಿದ್ದು. ನಮ್ಮ ಮನೆಯಲ್ಲಿ ಯಾವುದಾದರೂ ಒಳಗೆ ಹೋಗದಿದ್ದರೆ ಕೊಡತಿ, ಹೊರಗೆ ಬರದಿದ್ದರೂ ಕೊಡತಿ. ಬಾಗಿಲ ಚಿಲಕಕ್ಕೂ ಅದೇ, ಮಂಚದ ಕಾಲಿಗೂ ಅದೇ. ಹೊಸ ಬುಷ್ಷು ತಂತಿಯ ಕಣ್ಣಿಗೆ ಬಿಗಿಯಾಯಿತು, ಬೆರಳಲ್ಲಿ ಒತ್ತಿದರೆ ಹೋಗಲಿಲ್ಲ. ಕೊಡತಿ ತಂದು ಒಂದು ಕೊಟ್ಟೆ. ಹೋಗಲಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಕೊಟ್ಟೆ. ಬೀಜ ಒಡೆದ ಹಾಗೆ ಎರಡು ಹೋಳಾಗಿ ಒಂದು ಹೋಳು ಮೋರಿಗೆ ಬಿತ್ತು. ಹಿಂದೂಪುರದಲ್ಲಿದ್ದ ಒಂದೇ ಒಂದು ಬುಷ್ಷು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಇಂಥ ತಪ್ಪನ್ನು ಹುಣಸೆಹಣ್ಣಿನವರ ಮನೆಯಲ್ಲಲ್ಲದೆ ಬೇರೆ ಎಲ್ಲಿ ಮಾಡುತ್ತಾರೆ? ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸಿತು.

ಕಲ್ಯಾಣದುರ್ಗದಲ್ಲಿ ನೀವು ಕಾರು ನಿಲ್ಲಿಸುತ್ತಿದ್ದ ಬೇವಿನ ಮರ, ಅದರ ಕೆಳಗಿನ ಬಾಷಾ ಮೇಸ್ತ್ರಿಯ ಗ್ಯಾರೇಜು ತಟ್ಟನೆ ತಲೆಗೆ ಬಂತು. ನಮ್ಮ ಕಾರಿನ ಸಾಮಾನು ಅವರ ಹತ್ತಿರ ಇದ್ದೇ ಇರುತ್ತದೆ. ಫೋನು ಮಾಡಿ, ಈಗಲೇ ಯಾವುದಾದರೂ ಬಸ್ಸಿಗೆ ಒಂದು ಬುಷ್ಷು ಕೊಟ್ಟು ಕಳಿಸಿ ಅಂತ ಬೇಡಿಕೊಂಡೆ. ಕೊಡತಿಯ ಕಥೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ, "ನನ್ ಹತ್ರ ಈಗ ಇಲ್ಲ ಕಣಮ್ಮ. ಅದ್ಸರಿ, ನಿಮ್ಮತ್ತೆ ಹತ್ರ ಒಂದೈತಲ್ಲ?" ಅಂದರು.

ಆ ಕ್ಷಣ ನಾನು ಎಲ್ಲಿ ನಿಂತಿದ್ದೆ ಅಂತ ಹೇಳಲೇ? ಬಚ್ಚಲ ಕಲ್ಲಿನ ಹತ್ತಿರ, ಕೈಯೆಲ್ಲ ಗ್ರೀಸು. ಬಾಷಾ ಮೇಸ್ತ್ರಿ ಹೇಳುತ್ತಲೇ ಹೋದರು. "ಎರಡ್ ವರ್ಸದ ಕೆಳ್ಗೆ ನನ್ ಹತ್ರಾನೇ ತಗೊಂಡ್ಳು ಆಯಮ್ಮ. ಹಾಕ್ಕೊಡ್ತೀನಿ, ಹತ್ತು ನಿಮಿಷದ್ ಕೆಲ್ಸ ಅಂದೆ. ಬ್ಯಾಡ ಅಂದ್ಬುಟ್ಳು. 'ಈಗ ಹಾಕಿದ್ರೆ ನನ್ ಮಗನ್ ಕೈಗೂ ಓಡ್ತದೆ ಕಣಪ್ಪ. ಅವನ್ ಕೈಗೆ ಓಡಿದ್ರೆ ಕಾರು ಅವನ್ದಾಗೋಯ್ತದೆ, ಬುಧ್ವಾರ ನಮ್ದಾಗಿರಲ್ಲ. ನನ್ ಸೊಸೆ ಲೈಸೆನ್ಸ್ ತಗೊಳ್ಲಿ. ಅವತ್ತು ಕಾರು ತಂದು ನಿನ್ ಮುಂದೆ ನಿಲ್ಲಿಸ್ತೀನಿ, ನೀನೇ ಹಾಕು' ಅಂದಿದ್ಲು. ನೀನ್ ಲೈಸೆನ್ಸ್ ತಗೊಂಡ್ಯಾ ಇಲ್ವಾ?"

ನೀವು ನನ್ನನ್ನು ಕೂರಿಸಿಕೊಂಡು ಎಷ್ಟು ಬುಧವಾರ ಆ ರಸ್ತೆಯಲ್ಲಿ ಹೋಗಿದ್ದೀರಿ ಅತ್ತಮ್ಮ? ಒಂದು ದಿನವಾದರೂ ಹೇಳಬಾರದಿತ್ತಾ? ನೀವು ನನ್ನ ಲೈಸೆನ್ಸಿಗಾಗಿ ಬುಷ್ಷನ್ನು ಹಾಕದೆ ಇಟ್ಟಿರಿ. ಆ ಬುಷ್ಷು ಇಲ್ಲದೆ ನನಗೆ ಲೈಸೆನ್ಸು ತೆಗೆದುಕೊಳ್ಳಲಾಗಲಿಲ್ಲ. ನಾನು ಫೇಲಾಗಿದ್ದನ್ನು ಬಾಯಿಬಿಟ್ಟು ಹೇಳಿದ್ದರೆ, ಎರಡರಿಂದ ಐದಕ್ಕೆ ಬೀಳುತ್ತಿದೆ ಅಂದಿದ್ದರೆ, ನಿಮಗೆ ಅರೆಕ್ಷಣದಲ್ಲಿ ಗೊತ್ತಾಗುತ್ತಿತ್ತು. ನೀವು ಕಂಬಳಿ ಬಚ್ಚಿಟ್ಟಿರಿ, ನಾನು ಸೋಲು ಬಚ್ಚಿಟ್ಟೆ. ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಹೀಗೆ ಅಡ್ಡ ನಿಂತಿದ್ದೆವಲ್ಲ. ನಿಮ್ಮ ಮೇಲೆ ಸಿಟ್ಟೂ ಬಂತು, ನಗುವೂ ಬಂತು. ಯಾವುದು ಹೆಚ್ಚು ಬಂತು ಅಂತ ಕೇಳಬೇಡಿ.

ಅಡಿಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ನಿಮ್ಮ ಎಲೆ ಅಡಿಕೆ ಸಂಚಿ ಹಾಗೇ ನೇತಾಡುತ್ತಿತ್ತು. ನೀವು ಹೋದಾಗಿನಿಂದ ನಾನು ಅದನ್ನು ಮುಟ್ಟಿರಲಿಲ್ಲ. ನೀವು ಏನನ್ನಾದರೂ ಎಲ್ಲಿ ಇಡುತ್ತೀರಿ ಅಂತ ನನಗೆ ಗೊತ್ತಿಲ್ಲವೇ? ಮೊದಲ ಜೇಬಿನಲ್ಲಿ ಒಣಗಿದ ಅಡಿಕೆ, ಎರಡನೆಯದರಲ್ಲಿ ಸುಣ್ಣದ ಡಬ್ಬಿ. ಮೂರನೆಯದರಲ್ಲಿ ಒಂದು ಕಾಗದದ ಪೊಟ್ಟಣ, ಅದೇ ದಾರ, ಅದೇ ಗಂಟು. ಬಿಚ್ಚಿದೆ. ಬಿಳಿ ಬುಷ್ಷು, ಹೊಸದು, ಒಂದು ಬದಿಗೆ ಸುಣ್ಣ ಅಂಟಿತ್ತು. ನಾನು ಅಡಿಗೆಮನೆಯಲ್ಲಿ ನಿಂತು ಜೋರಾಗಿ "ಅತ್ತಮ್ಮ" ಅಂತ ಕರೆದೆ. ಪಕ್ಕದ ಮನೆಯವರು ಏನಾಯಿತು ಅಂತ ಇಣುಕಿ ನೋಡಿದರು.

ಕೊಡತಿ ಮುಟ್ಟಬೇಡ ಅಂತ ಬಾಷಾ ಮೇಸ್ತ್ರಿ ಆಣೆ ಹಾಕಿಸಿಕೊಂಡಿದ್ದರು. "ಬಿಸಿನೀರಲ್ಲಿ ನೆನೆಹಾಕು, ಸಾರಿಗೆ ಹುಣಸೆಹಣ್ಣು ನೆನೆಹಾಕ್ತೀಯಲ್ಲ, ಅಂಗೆ. ಮೆತ್ತಗಾಯ್ತದೆ" ಅಂದಿದ್ದರು. ಸಾರಿನ ಬಟ್ಟಲಿಗೇ ಬಿಸಿನೀರು ಹಾಕಿ ಬುಷ್ಷು ಬಿಟ್ಟೆ. ಐದು ನಿಮಿಷ ಬಿಟ್ಟು ತೆಗೆದು ತಂತಿಯ ಕಣ್ಣಿಗಿಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಒಳಗೆ ಹೋಯಿತು, ಸದ್ದೇ ಇಲ್ಲ. ಮೊಳೆಯನ್ನು ಒರೆಸಿ ಗ್ರೀಸು ಹಚ್ಚಿ, ತಂತಿಯ ತುದಿಯನ್ನು ಅದರ ಮೇಲಿಟ್ಟು ಇಕ್ಕಳದಲ್ಲಿ ಮೆಲ್ಲಗೆ ಅದುಮಿದೆ. ಟಕ್ ಅಂದಿತು. ಆ ಟಕ್ ಅನ್ನುವ ಸದ್ದನ್ನು ನಿಮಗೆ ಹೇಗೆ ಕೇಳಿಸಲಿ? ಓಡಿ ಹೋಗಿ ಒಳಗೆ ಕೂತು ಗೇರು ಅಲ್ಲಾಡಿಸಿದೆ. ಮೊದಲು ತಂಬಿಗೆಯಲ್ಲಿ ಸೌಟು ತಿರುಗಿಸಿದ ಹಾಗಿತ್ತಲ್ಲ, ಈಗ ಗಟ್ಟಿಯಾಗಿ ನಡುವೆ ನಿಂತಿತ್ತು. ಬಿಟ್ಟರೆ ತಾನೇ ನಡುವಿಗೆ ಬರುತ್ತಿತ್ತು. ನಾನು ಊಟ ಮರೆತು ಒಂದು ಗಂಟೆ ನಿಂತ ಕಾರಿನಲ್ಲೇ ಗೇರು ಹಾಕುತ್ತಾ ಕೂತಿದ್ದೆ.

ಸಂಜೆ ನಿಮ್ಮ ಮಗ ಬಂದ ತಕ್ಷಣ ಚೀಲ ಕಿತ್ತುಕೊಂಡು ಕಾರಿನಲ್ಲಿ ಕೂರಿಸಿದೆ. ಊರು ದಾಟಿ ರೊದ್ದಂ ಕಡೆ ತಿರುಗಿಸಿದೆ. ಮೊದಲ ಸಲ ನನ್ನ ಕೈ ಮಾತು ಕೇಳಲಿಲ್ಲ. ಹಳೆ ಅಭ್ಯಾಸದಲ್ಲಿ ಮೊಣಕಾಲ ಕಡೆ ಎಳೆದುಬಿಟ್ಟೆ, ನಮ್ಮ ಕಾರೂ ಐದಕ್ಕೆ ಬಿದ್ದು ನಡುಗಿ ನಿಂತಿತು. "ನಾನ್ ಹೇಳ್ಲಿಲ್ವಾ, ಗೇರ್‌ಬಾಕ್ಸೇ" ಅಂದರು. "ಸುಮ್ನಿರಿ" ಅಂದೆ. ಮತ್ತೆ ಸ್ಟಾರ್ಟು. ಒಂದು. ಎರಡು. ಅಂಗೈಯಲ್ಲಿ ಹಿಡಿದರೆ ಎಳೆಯುತ್ತದೆ ಅಂತ ಎರಡೇ ಬೆರಳಲ್ಲಿ ಹಿಡಿದೆ. ಆಮೇಲಿನದು ನಿಮಗೆ ಮೊದಲೇ ಹೇಳಿದ್ದೇನೆ. ನಾಲ್ಕು ಬಿತ್ತು. ರಸ್ತೆ ಖಾಲಿ ಇತ್ತು, ಐದೂ ಹಾಕಿದೆ. ಐದರಲ್ಲಿ ಕಾರು ಸದ್ದೇ ಮಾಡುವುದಿಲ್ಲ ಅತ್ತಮ್ಮ. ಇಷ್ಟು ವರ್ಷ ನಾವು ಮಾತಾಡಲು ಕೂಗಾಡುತ್ತಿದ್ದೆವಲ್ಲ, ಕೂಗುವುದೇ ಬೇಕಿರಲಿಲ್ಲ. ನಿಮ್ಮ ಮಗ ಸೀಟು ಹಿಡಿದಿದ್ದ ಕೈಯನ್ನು ಬಿಟ್ಟು, ಗೇರಿನ ಗುಂಡಿನ ಮೇಲೆ ಒಂದು ಸಲ ಇಟ್ಟು ತೆಗೆದರು. "ಅಮ್ಮನ್ ಕೈ ಸವೆದಿರೋದು ಇನ್ನೂ ಅಂಗೇ ಐತೆ" ಅಂದರು.

ಭಾನುವಾರ ಬೆಳಿಗ್ಗೆ ಗುಜರಿಯವನು ಹಗ್ಗದ ಸಮೇತ ಬಂದ. ಅವನ ಎದುರಿಗೇ ನಿಮ್ಮ ಮಗ ಕಾರು ಹತ್ತಿ ಬೀದಿಯ ಕೊನೆಯವರೆಗೂ ಹೋಗಿ ಬಂದರು. ಒಂದು, ಎರಡು, ಮೂರು, ಎಲ್ಲವೂ ಅವರ ಕೈಗೂ ಬಿದ್ದವು. ಇಳಿದು, "ಮಾರಲ್ಲಪ್ಪ, ಹೋಗ್ಬಾ" ಅಂದರು. ನನಗೆ ಆಕಾಶಕ್ಕೆ ಮೂರೇ ಗೇಣು. ಅವನು ಬೀದಿಯ ತಿರುವು ದಾಟಿರಲಿಲ್ಲ, ನಿಮ್ಮ ಮಗ ಕೀ ಬೆರಳಲ್ಲಿ ತಿರುಗಿಸುತ್ತಾ, "ಇನ್ಮೇಲೆ ಬುಧ್ವಾರ ರಜಾ ಹಾಕಿ ನಾನೇ ಕಲ್ಯಾಣದುರ್ಗಕ್ಕೆ ಹೋಗ್ಬತ್ತೀನಿ, ನೀನ್ಯಾಕೆ ಬಿಸಿಲಲ್ಲಿ ಒದ್ದಾಡ್ತೀಯ" ಅಂದರು. ನೀವು ಎರಡು ವರ್ಷ ಮೊದಲೇ ಬಾಷಾ ಮೇಸ್ತ್ರಿಯ ಮುಂದೆ ಆಡಿದ್ದ ಮಾತು ಅಕ್ಷರ ತಪ್ಪದೆ ನಡೆಯಿತು. ಬುಷ್ಷು ಹಾಕಿ ಒಂದು ದಿನವೂ ಕಳೆದಿರಲಿಲ್ಲ ನೋಡಿ. ನಾನು ಕೀ ಇಸಿದುಕೊಂಡು, "ಭಾನುವಾರ ನಿಮ್ದು, ಬುಧ್ವಾರ ನನ್ದು" ಅಂದೆ. "ಲೈಸೆನ್ಸ್ ಎಲ್ಲೈತೆ ನಿಂದು?" ಅಂದರು. ಮಾರನೆಯ ದಿನವೇ ಮೂರನೇ ಟೆಸ್ಟಿಗೆ ಹೆಸರು ಕೊಟ್ಟು ಬಂದೆ.

ನಿಮಗೆ ತಲುಪದ ಸುದ್ದಿ ಈಗ ಬರುತ್ತದೆ, ಸರಿಯಾಗಿ ಕೂತುಕೊಳ್ಳಿ. ಅಲ್ಲಿಂದ ಮೂರು ವಾರ ದಿನಾ ಸಂಜೆ ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈಗೆ ನೀವು ಕಲಿಸಿದ್ದನ್ನು ಮರೆಸಿದೆ. ಕಷ್ಟವಾಯಿತು. ಬೇರೆ ಯಾವುದನ್ನು ಮರೆತರೂ ನಿಮ್ಮ ಪಾಠವನ್ನು ಮರೆಯುವುದು ನನಗೆ ಇಷ್ಟವಿರಲಿಲ್ಲ. ಹೋದ ಸೋಮವಾರ ಮೂರನೇ ಟೆಸ್ಟು. ಅದೇ ಇನ್ಸ್‌ಪೆಕ್ಟರು. ಎರಡರಿಂದ ಮೂರಕ್ಕೆ ಹಾಕುವಾಗ ಅವರೂ ಉಸಿರು ಹಿಡಿದು ಕೂತಿದ್ದರು. ಬಿತ್ತು. ಪಾಸ್ ಅತ್ತಮ್ಮ. ಕಾಗದಕ್ಕೆ ಸೈನು ಹಾಕುತ್ತಾ, "ಎವರಮ್ಮಾ ನೇರ್ಪಿಂಚಿಂದಿ?" ಅಂತ ಕೇಳಿದರು, ಕಲಿಸಿದ್ದು ಯಾರು ಅಂತ. ಸ್ಕೂಲಿನವನು ಪಕ್ಕದಲ್ಲೇ ನಿಂತಿದ್ದ. ನಾನು "ಮಾ ಅತ್ತಮ್ಮ" ಅಂದೆ.

ಲೈಸೆನ್ಸಿನ ಕಾರ್ಡು ಕೈಗೆ ಬಂದ ಮೇಲೆ ಇವತ್ತು ಮೊದಲ ಬುಧವಾರ. ನಾಲ್ಕು ಮೂಟೆ ಹಾಕಿಕೊಂಡು ಒಬ್ಬಳೇ ಬಂದಿದ್ದೇನೆ. ರೊದ್ದಂ ಮನೆಗಳಿಗೂ ಕೊಟ್ಟೆ, ಕಂಬದೂರಿನವರಿಗೂ ಕೊಟ್ಟೆ. ಈ ಕಾಗದವನ್ನು ಕಲ್ಯಾಣದುರ್ಗದ ಬೇವಿನ ಮರದ ಕೆಳಗೆ, ನಿಮ್ಮ ಜಾಗದಲ್ಲೇ ಕಾರು ನಿಲ್ಲಿಸಿ, ಸ್ಟಿಯರಿಂಗಿನ ಮೇಲಿಟ್ಟು ಬರೆಯುತ್ತಿದ್ದೇನೆ. ನೀವು ಕೊಟ್ಟ ಮಾತಿನಂತೆ ಕಾರನ್ನು ಬಾಷಾ ಮೇಸ್ತ್ರಿಯ ಮುಂದೆ ತಂದು ನಿಲ್ಲಿಸಿದೆ, ಕಾರ್ಡನ್ನೂ ತೋರಿಸಿದೆ. ಅವರು ಬಾನೆಟ್ಟು ಎತ್ತಿ ನನ್ನ ಕೆಲಸ ನೋಡಿ ಟೀ ತರಿಸಿದರು.

ಇನ್ನೊಂದು ವಿಷಯ, ನಿಮ್ಮ ಮಗನಿಗೆ ಹೇಳಬೇಡಿ. ನಿಮ್ಮ ಕಂಬಳಿಯ ತುಂಡನ್ನು ನಾನು ಎಸೆದಿಲ್ಲ. ದಾರದ ಸಮೇತ ಸಂಚಿಯ ಮೂರನೇ ಜೇಬಿನಲ್ಲಿದೆ, ಬುಷ್ಷು ಇದ್ದ ಜಾಗದಲ್ಲಿ. ಅವರು ಭಾನುವಾರ ಕಾರು ತೆಗೆದುಕೊಂಡು ಎಲ್ಲಿಗಾದರೂ ಹೋಗಲಿ, ಸಂತೋಷ. ಬುಧವಾರ ಕೀ ಕೇಳಿದರೆ ಮಾತ್ರ, ತಂತಿ ಬಿಚ್ಚಿ ಕಂಬಳಿ ತುರುಕಲು ನನಗೆ ಹತ್ತು ನಿಮಿಷ ಸಾಕು. ಆ ಗಂಟು ಹಾಕುವುದನ್ನೂ ಈಗ ಕಲಿತಿದ್ದೇನೆ.

ನಿಮ್ಮ ಸೊಸೆ,
ಭಾಗ್ಯ